ಕರೆದರೆ ಓಡಬೇಕಾದ ತೋಳ

ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಒಂದು ಬೆಕ್ಕಿದೆ. ಪುಣೆಯ ಹಡಪ್ಸರದ ಈ ಫ್ಲ್ಯಾಟಿಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ನಾನು ಅದನ್ನು ಕರೆಯುತ್ತೇನೆ. ಅದು ದಿನಾ ನನ್ನನ್ನು ಒಮ್ಮೆ ನೋಡಿ, ಯಾರದೋ ಸ್ಕೂಟರಿನ ಸೀಟಿನ ಮೇಲೆ ಮತ್ತೆ ಮಲಗಿಕೊಳ್ಳುತ್ತದೆ. ನಾನು ಇಲ್ಲಿನ ಮೃಗಾಲಯದಲ್ಲಿ ಕರಡಿ, ಚಿರತೆ, ತೋಳಗಳನ್ನು ನೋಡಿಕೊಂಡವನು ಎಂದು ಯಾರೋ ವಾಚ್‌ಮನ್‌ಗೆ ಹೇಳಿದ್ದಾರೆ. ಅವನು ನಂಬಿದಂತೆ ಕಾಣುವುದಿಲ್ಲ. ಬೆಕ್ಕಿನ ನಡವಳಿಕೆ ನೋಡಿದವರು ಯಾರೂ ನಂಬಲಾರರು.

ಈಚೆಗೆ ಮೃಗಾಲಯದಲ್ಲಿ ಪ್ರಾಣಿಪಾಲಕರಾಗಿ ಸೇರಿದ ಹೊಸಬರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆಸಿದ್ದರು. ಮೈಕಿನ ಮುಂದೆ ನಿಂತು ಶಿಸ್ತು, ಸ್ವಚ್ಛತೆ, ಪ್ರಾಣಿಪ್ರೀತಿ ಎಂದೇನೇನೋ ಹೇಳಿ, ಶಾಲು ಹೊದ್ದು, ತೆಂಗಿನಕಾಯಿ ಹಿಡಿದುಕೊಂಡು ಬಂದೆ. ರಿಕ್ಷಾ ಅರ್ಧ ದಾರಿಗೆ ಬರುವ ಹೊತ್ತಿಗೆ ನಾಚಿಕೆಯಾಯಿತು. ಶಿಸ್ತಿನ ಬಗ್ಗೆ ಹೇಳಲು ಕಚೇರಿಯವರಿದ್ದಾರೆ. ನಾನು ಹೇಳಬೇಕಾಗಿದ್ದದ್ದು ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನು. ಆ ವಿಷಯದಲ್ಲಿ ನನ್ನಷ್ಟು ಅನುಭವ ಇರುವವರು ಆ ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ. ಆ ದಿನ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರದ ಕಡೆ. ಅಪ್ಪ ಪುಣೆಯಲ್ಲಿ ಬೆಲ್ಲದ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ನನ್ನನ್ನೂ ಅಲ್ಲೇ ಕೂರಿಸಬೇಕೆಂದು ಅವರ ಆಸೆ. ಆದರೆ ಬೆಲ್ಲಕ್ಕೆ ಮುತ್ತುತ್ತಿದ್ದ ಕಡಜಗಳಿಗೆ ಹೆದರಿ ನಾನು ದಿನಾ ಗೋಣಿತಾಟಿನ ಹಿಂದೆ ಅಡಗುತ್ತಿದ್ದೆ. ಇವನಿಂದ ವ್ಯಾಪಾರ ಆಗದು ಎಂದು ಸಾಹುಕಾರರು ಒಂದು ವಾರದಲ್ಲೇ ತೀರ್ಮಾನಿಸಿದರು. ಆಗ ಮೃಗಾಲಯದಲ್ಲಿ ಜನ ಬೇಕಾಗಿದ್ದಾರೆಂದು ಗೊತ್ತಾಯಿತು. ಹೀಗೆ ಕಡಜಕ್ಕೆ ಹೆದರಿದವನು ಹೋಗಿ ಕರಡಿಯ ಕೆಲಸಕ್ಕೆ ಸೇರಿದೆ.

ಮೃಗಾಲಯ ಆಗ ಊರ ನಡುವೆಯೇ ಇತ್ತು, ಹಿಂದೆ ಯಾರೋ ಸರದಾರರ ತೋಟವಾಗಿದ್ದ ಜಾಗದಲ್ಲಿ. ಕಬ್ಬಿಣದ ಸರಳು, ಸಿಮೆಂಟಿನ ನೆಲ, ಸರಳಿನ ಪಕ್ಕದಲ್ಲೇ ಶೇಂಗಾ ಮಾರುವವರು. ಹುಲಿ ಮಲಗಿದ್ದರೆ ಜನರಿಗೆ ಸಿಟ್ಟು. ಟಿಕೆಟ್ ಕೊಟ್ಟು ಬಂದಿದ್ದೇವೆ, ಎಬ್ಬಿಸಿ ಎಂದು ನಮ್ಮನ್ನು ಗದರುತ್ತಿದ್ದರು. ನಾವೂ ಬೇರೆ ಏನೂ ತಿಳಿಯದವರು, ಸರಳಿಗೆ ಕೋಲಿನಿಂದ ಬಡಿದು ಎಬ್ಬಿಸುತ್ತಿದ್ದೆವು. ಅದೇ ನಮ್ಮ ಕೆಲಸ ಎಂದುಕೊಂಡಿದ್ದೆವು.

ನಮ್ಮ ಮುಖ್ಯಸ್ಥರು ಕದಮ್ ಮಾಮಾ. ಸಾತಾರಾ ಕಡೆಯವರು, ಮಾತು ಬಹಳ ಕಡಿಮೆ. ಅವರು ನನಗೆ ವಹಿಸಿದ್ದು ಗಂಗಾ ಎಂಬ ಹೆಣ್ಣು ಕರಡಿಯನ್ನು. ಗಂಗಾಳ ಮನೆಗೆ ಎರಡು ಭಾಗ: ಹೊರಗೆ ಬಯಲು, ಒಳಗೆ ಮಲಗುವ ಕೋಣೆ, ನಡುವೆ ಮೇಲಿಂದ ಇಳಿಸುವ ಕಬ್ಬಿಣದ ಬಾಗಿಲು. ಅವಳು ಬಯಲಲ್ಲಿದ್ದಾಗ ಆ ಬಾಗಿಲು ಇಳಿಸಿ, ಹಿಂದಿನ ಬಾಗಿಲಿನಿಂದ ಕೋಣೆಗೆ ಹೋಗಿ ಗುಡಿಸಬೇಕು. ಕೆಲಸ ಇಷ್ಟೇ. ಮೊದಲ ದಿನವೇ ನಾನು ನಡುಬಾಗಿಲನ್ನು ಮೂರು ಸಲ ಎಳೆದು ನೋಡಿ ಭದ್ರಮಾಡಿದೆ. ಕರಡಿಯ ಮೇಲೆಯೇ ಕಣ್ಣಿಟ್ಟುಕೊಂಡು ಒಳಗೆ ಹೋದೆ. ಹಿಂದಿನ ಬಾಗಿಲು ಗಾಳಿಗೆ ಬಡಿದು, ಚಿಲಕ ಬಿದ್ದುಕೊಂಡಿತು. ಅದರ ಚಿಲಕ ಇದ್ದದ್ದು ಹೊರಗೆ.

ಕರಡಿ ಹೊರಗೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು, ನಾನು ಒಳಗೆ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಜನ ಸೇರಿದರು. ಒಬ್ಬ ಹೆಂಗಸು ಮಗುವನ್ನು ಎತ್ತಿ ನನ್ನನ್ನು ತೋರಿಸಿದಳು. ಆ ಮಗು ದೊಡ್ಡ ಮನಸ್ಸು ಮಾಡಿ ಒಂದು ಹಿಡಿ ಶೇಂಗಾ ಎಸೆಯಿತು. ಕದಮ್ ಮಾಮಾ ಬಂದವರು ತಕ್ಷಣ ಬಾಗಿಲು ತೆಗೆಯಲಿಲ್ಲ. ಎಲೆಗೆ ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಜನರ ಜೊತೆ ನಿಂತು ನನ್ನನ್ನು ನೋಡಿದರು. ಬಾಗಿಲು ತೆಗೆದ ಮೇಲೆ ಅವರು ಹೇಳಿದ್ದು ಒಂದೇ ಮಾತು, ಶೇಂಗಾ ಆರಿಸಿಕೊಂಡು ಬಾ, ಗಂಗಾಳಿಗೆ ಒಗ್ಗುವುದಿಲ್ಲ ಎಂದು.

ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೆ ಹೆದರಿದಾಗ ಬಾಯಿಗೆ ಬರುವುದು ಮನೆಯ ಮಾತು. ಗಂಗಾಳಿಗೆ ಊಟ ಕೊಡಲು ಹೋದಾಗಲೆಲ್ಲ ಬಕೆಟ್ಟನ್ನು ಎದೆಗೆ ಅಡ್ಡ ಹಿಡಿದುಕೊಳ್ಳುತ್ತಿದ್ದೆ. ಆ ಹೆದರಿಕೆಯಲ್ಲಿ ನಾನು, "ಬಾರವ್ವ, ಉಣ್ಣಾಕ ಬಾ" ಎನ್ನುತ್ತಿದ್ದೆ. ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಕರೆಯುವುದು ಹಾಗೆಯೇ. ನಮ್ಮವ್ವ ನನ್ನ ತಂಗಿಯರನ್ನು ಹಾಗೇ ಕರೆಯುತ್ತಿದ್ದಳು. ಕೆಲವು ದಿನಗಳಲ್ಲಿ ಗಂಗಾ ಆ ಕರೆಗೆ ಎದ್ದು ಬರತೊಡಗಿದಳು. ನನ್ನ ತಲೆ ತಿರುಗಿತು. ಪ್ರಾಣಿಗಳಿಗೆ ನನ್ನ ಮೇಲೆ ಏನೋ ವಿಶೇಷ ಪ್ರೀತಿ ಇದೆ, ಇದು ಹುಟ್ಟಿನಿಂದ ಬಂದದ್ದು ಎಂದು ನಾನೂ ನಂಬಿದೆ, ನಾಲ್ಕು ಜನಕ್ಕೂ ನಂಬಿಸಿದೆ.

ಮದುವೆಯಾದ ಹೊಸದರಲ್ಲಿ ಹೆಂಡತಿಯ ಮನೆಯವರು ವಿಜಯಪುರದ ಹತ್ತಿರದ ಇಂಡಿಯಿಂದ ಬಂದಿದ್ದರು. ಅಳಿಯನ ಕೆಲಸದ ಬಗ್ಗೆ ಮಾವನವರಿಗೆ ಅಷ್ಟು ಸಮಾಧಾನವಿರಲಿಲ್ಲ. ಹಾಗಾಗಿ ಎಲ್ಲರನ್ನೂ ಕರೆದುಕೊಂಡು ಹೋಗಿ ಗಂಗಾಳ ಮುಂದೆ ನಿಲ್ಲಿಸಿದೆ. ಅವಳು ಬಯಲಿನ ಆ ತುದಿಯಲ್ಲಿ ಬೆನ್ನು ಮಾಡಿ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಕರೆದೆ. ಅಲುಗಾಡಲಿಲ್ಲ. ಇನ್ನೂ ಪ್ರೀತಿಯಿಂದ ಕರೆದೆ. ಒಂದು ಕಿವಿ ಕೆರೆದುಕೊಂಡಳು. ಅಷ್ಟರಲ್ಲಿ ಕದಮ್ ಮಾಮಾ ಹಿಂದಿನ ಓಣಿಯಲ್ಲಿ ಖಾಲಿ ಬಕೆಟ್ ಹಿಡಿದು ಯಾವುದೋ ಕೆಲಸಕ್ಕೆ ಹೊರಟಿದ್ದರು. ಬಕೆಟ್ಟಿನ ಹಿಡಿ ಕಿಣಿಕಿಣಿ ಅಂದಿತು. ಗಂಗಾ ಎದ್ದವಳೇ ನಮ್ಮ ಎಲ್ಲರನ್ನೂ ದಾಟಿ ಆ ಶಬ್ದದ ಹಿಂದೆ ಓಡಿದಳು.

ಮನೆಗೆ ಬಂದ ಮೇಲೆ ಹೆಂಡತಿ, ಕರಡಿ ಬರುವುದು ಪ್ರೀತಿಗೋ ಬಕೆಟ್ಟಿಗೋ ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಇಡೀ ನೌಕರಿಯುದ್ದಕ್ಕೂ ಆ ಪ್ರಶ್ನೆ ನಮ್ಮ ಮನೆಯಲ್ಲಿ ಉಳಿಯಿತು. ಸಂಬಳ ತಂದುಕೊಟ್ಟ ದಿನ ಅವಳು ಚಹಾ ಕೊಟ್ಟರೆ ನಾನು ಅದನ್ನೇ ಅವಳಿಗೆ ಕೇಳುತ್ತಿದ್ದೆ.

ಮುಂದೆ ಮೃಗಾಲಯ ಊರಾಚೆಯ ದೊಡ್ಡ ಜಾಗಕ್ಕೆ ಹೋಯಿತು. ಸರಳುಗಳು ಹೋಗಿ ಕಂದಕ ಬಂತು, ಸಿಮೆಂಟು ಹೋಗಿ ಹುಲ್ಲು ಬಂತು. ನಮಗೆ ತರಬೇತಿ ಕೊಟ್ಟು, ಪ್ರಾಣಿಯನ್ನು ಎಬ್ಬಿಸುವುದಲ್ಲ, ಅದಕ್ಕೆ ಅಡಗಿಕೊಳ್ಳಲು ಜಾಗ ಕೊಡುವುದು ನಿಮ್ಮ ಕೆಲಸ ಎಂದರು. ಜನ ಮೊದಲಿನಂತೆಯೇ ಬಂದು, ಪ್ರಾಣಿಯೇ ಕಾಣುವುದಿಲ್ಲ ಎಂದು ಬೈದರು. ಅಷ್ಟು ವರ್ಷ ಎಬ್ಬಿಸಿದ್ದಕ್ಕೆ ಬೈಸಿಕೊಳ್ಳದ ನಾನು ಎಬ್ಬಿಸದೇ ಇದ್ದುದಕ್ಕೆ ಬೈಸಿಕೊಂಡೆ. ಗಾಯಗೊಂಡ, ತಾಯಿಯಿಂದ ಬೇರೆಯಾದ ಕಾಡುಪ್ರಾಣಿಗಳನ್ನು ತಂದು ಗುಣಪಡಿಸುವ ಬೇರೆ ವಿಭಾಗವೂ ಶುರುವಾಯಿತು. ಅಲ್ಲಿಗೆ ಜನರು ಬರುವಂತಿಲ್ಲ. ಗುಣವಾದದ್ದನ್ನು ಸಾಧ್ಯವಾದಷ್ಟು ಮಟ್ಟಿಗೆ ಬಂದ ಜಾಗಕ್ಕೇ ಮರಳಿಸಬೇಕು. ನನ್ನ ಕೊನೆಯ ವರ್ಷಗಳು ಕಳೆದದ್ದು ಅಲ್ಲಿ.

ಆ ವಿಭಾಗದ ವೈದ್ಯೆ ಸಹನಾ ಎಂಬ ಹುಡುಗಿ. ಮೈಸೂರಿನವಳು. ಅವಳ ಕನ್ನಡ ಕೇಳಿ ಮೊದಲ ದಿನವೇ ನನಗೆ ಸಂತೋಷವಾಯಿತು, ಎರಡನೆಯ ದಿನ ಭಯವಾಯಿತು. ಮರಾಠಿ ಸಾಹೇಬರುಗಳ ಮುಂದೆ ನಾನು ಗೊಣಗಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಇವಳಿಗೆ ಎಲ್ಲ ತಿಳಿಯುತ್ತಿತ್ತು.

ಒಂದು ಚಳಿಗಾಲದಲ್ಲಿ, ಸೊಲ್ಲಾಪುರದ ದಾರಿಯಲ್ಲಿರುವ ಕುರಕುಂಭದ ಕಡೆಯಿಂದ ತೋಳದ ಮರಿಯೊಂದು ಬಂತು. ಅಲ್ಲಿನ ಕಾರ್ಖಾನೆಗಳಾಚೆ ದೊಡ್ಡ ಹುಲ್ಲುಬಯಲಿದೆ. ಯಾರೋ ಜಾಗ ಸಮ ಮಾಡಲು ಜೆಸಿಬಿ ಹಚ್ಚಿದಾಗ ತೋಳದ ಬಿಲ ಕುಸಿದಿತ್ತು. ಬದುಕಿದ್ದು ಈ ಒಂದೇ ಹೆಣ್ಣುಮರಿ, ಅದೂ ಮುಂಗಾಲು ಮುರಿದುಕೊಂಡು. ತಾಯಿಯ ಗುಂಪು ಇನ್ನೂ ಆ ಬಯಲಲ್ಲೇ ಓಡಾಡುತ್ತಿತ್ತು. ಕಾಲು ಕೂಡಿಕೊಂಡು, ಬೇಟೆಯಾಡುವಷ್ಟು ಬೆಳೆದ ಮೇಲೆ, ಮಳೆಗಾಲಕ್ಕೆ ಮೊದಲು ಅದನ್ನು ಅಲ್ಲಿಗೇ ಬಿಡುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಅದು ಮನುಷ್ಯರಿಗೆ ಒಗ್ಗಿಕೊಳ್ಳಬಾರದು. ಒಗ್ಗಿಕೊಂಡರೆ ಬಿಡುವಂತಿಲ್ಲ, ಸಾಯುವವರೆಗೆ ಪಂಜರವೇ ಗತಿ. ಜನರ ಹತ್ತಿರ ನಂಬಿಕೆಯಿಂದ ಹೋದ ತೋಳವನ್ನು ಜನ ಏನು ಮಾಡುತ್ತಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಸಹನಾ ನಿಯಮ ಹೇಳಿದಳು. ಗೋಣಿಯ ಪರದೆಯ ಹಿಂದೆ ನಿಂತು ಕೊಳವೆಯಿಂದ ಊಟ ಜಾರಿಸಬೇಕು. ಮುಖ ತೋರಿಸಬಾರದು, ಮುಟ್ಟಬಾರದು, ಮಾತಾಡಬಾರದು. ನಾನು ಎಲ್ಲಕ್ಕೂ ತಲೆಯಾಡಿಸಿದೆ.

ಮರಿ ಊಟ ಮುಟ್ಟಲಿಲ್ಲ. ಮೂಲೆಯಲ್ಲಿ ಮುದುಡಿ ಕೂತುಬಿಟ್ಟಿತು. ಪರದೆಯ ಸಂದಿಯಿಂದ ನೋಡಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಜೀವ. ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ, ನನಗೇ ಕೇಳಿಸುವಷ್ಟು ಮಾತ್ರ, "ಬಾರವ್ವ, ಉಣ್ಣಾಕ ಬಾ" ಎಂದೆ. ಅದರ ಕಿವಿ ಎದ್ದಿತು. ಸ್ವಲ್ಪ ಹೊತ್ತಿಗೆ ಕುಂಟುತ್ತಾ ಬಂದು ತಿಂದಿತು. ಮರುದಿನವೂ ಕರೆದೆ. ಅದರ ಮರುದಿನವೂ. ಗಂಗಾ ಕಲಿಸಿದ ಪಾಠ ನೆನಪಿದ್ದರೆ ಅದು ಬಂದದ್ದು ಮಾಂಸದ ವಾಸನೆಗೆ ಎಂದು ತಿಳಿಯಬೇಕಿತ್ತು. ನಾನು ಮಾತ್ರ ನನ್ನ ದನಿಯೇ ಅದನ್ನು ಬದುಕಿಸಿತೆಂದು ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ. ಮುಖ ತೋರಿಸಿಲ್ಲ, ಮುಟ್ಟಿಲ್ಲ, ಪಿಸುಗುಟ್ಟಿದ್ದು ಮಾತಾಡಿದಂತಾಗುವುದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಬೇಸಿಗೆಗೆ ಅದು ಉದ್ದ ಕಾಲಿನ ಚೆಂದದ ತೋಳವಾಯಿತು. ದೊಡ್ಡ ಬಯಲುಳ್ಳ ಆವರಣಕ್ಕೆ ಬಿಟ್ಟೆವು. ಅಧಿಕಾರಿಗಳು ಪರೀಕ್ಷಿಸಲು ಬಂದರು. ಬೇಲಿಯ ಹತ್ತಿರ ನಿಂತು ಚಪ್ಪಾಳೆ ತಟ್ಟಿದರು, ಮರಾಠಿಯಲ್ಲಿ ಕೂಗಿದರು, ಸಿಳ್ಳೆ ಹಾಕಿದರು. ತೋಳ ದೂರದ ಪೊದೆಯಲ್ಲಿ ಸೇರಿಕೊಂಡು ಹೊರಗೆ ಬರಲೇ ಇಲ್ಲ. ಎಲ್ಲರ ಮುಖದಲ್ಲೂ ಸಂತೋಷ. ಆಗ ಆವರಣದಾಚೆ ಗೋಡೆ ಕಟ್ಟುವ ಕೆಲಸ ನಡೆದಿತ್ತು. ಯಾದಗಿರಿ ಕಡೆಯ ಕೂಲಿಗಳು. ಮಧ್ಯಾಹ್ನದ ಬುತ್ತಿ ಬಿಚ್ಚಿದ ಒಬ್ಬ ಹೆಂಗಸು ಮರಳ ಗುಡ್ಡೆಯ ಮೇಲೆ ಆಡುತ್ತಿದ್ದ ಮಗಳನ್ನು ಕೂಗಿದಳು.

"ಗೌರೀ, ಬಾರವ್ವಾ, ಉಣ್ಣಾಕ ಬಾ."

ಪೊದೆ ಅಲುಗಾಡಿತು. ತೋಳ ಬಾಲ ಅಲ್ಲಾಡಿಸುತ್ತಾ ಓಡಿಬಂದು, ಆ ಹೆಂಗಸಿನ ದನಿ ಬಂದ ಕಡೆಯ ಬೇಲಿಗೆ ಮೂಗು ಹಚ್ಚಿ ನಿಂತಿತು.

ಅಧಿಕಾರಿಗಳಿಗೆ ಏನೂ ಅರ್ಥವಾಗಲಿಲ್ಲ. ಆ ಜಾಗದಲ್ಲಿ ಅರ್ಥವಾದದ್ದು ಇಬ್ಬರಿಗೇ. ಸಹನಾ ತಿರುಗಿ ನನ್ನನ್ನು ನೋಡಿದಳು. ಇನ್ನೂ ಸ್ವಲ್ಪ ದಿನ ಬೇಕು ಎಂದು ಅವರಿಗೆ ಹೇಳಿ ಕಳಿಸಿಕೊಟ್ಟು, ನನ್ನ ಹತ್ತಿರ ಬಂದಳು.

"ಮಾತಾಡಿಲ್ರಿ ಡಾಕ್ಟರ, ಬರೇ ಪಿಸುಗುಟ್ಟೀನಿ" ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಒಬ್ಬ ಮನುಷ್ಯನ ದನಿಗೆ ಒಗ್ಗಿದ್ದರೆ ಅಷ್ಟು ಚಿಂತೆಯಿಲ್ಲ, ಕುರಕುಂಭದಲ್ಲಿ ನೀವಿರುವುದಿಲ್ಲವಲ್ಲ, ಆದರೆ ಇದು ಒಗ್ಗಿರುವುದು ಆ ಮಾತಿಗೆ ಎಂದಳು. ಕುರಕುಂಭದ ಕಾರ್ಖಾನೆಗಳಲ್ಲಿ, ಹತ್ತಿರದ ದೌಂಡಿನ ರೈಲುಹಳಿಯ ಪಕ್ಕದ ಶೆಡ್ಡುಗಳಲ್ಲಿ ಯಾರಿದ್ದಾರೆಂದು ನನಗೆ ಗೊತ್ತು. ಸೊಲ್ಲಾಪುರದ ರೈಲು ಹತ್ತಿ ಬಂದ ನಮ್ಮ ಕಡೆಯವರೇ. ಸಂಜೆಯಾದರೆ ಒಲೆ ಹಚ್ಚಿ, ಒಂದೊಂದು ಶೆಡ್ಡಿನ ಮುಂದೆ ಒಬ್ಬೊಬ್ಬ ತಾಯಿ ಮಗಳನ್ನು ಹೀಗೇ ಕರೆಯುತ್ತಾಳೆ. ಆ ಕರೆಗೆ ಮಗಳ ಜೊತೆ ಒಂದು ತೋಳವೂ ಓಡಿಬರುತ್ತದೆ. ಅಲ್ಲಿರುವ ಗಂಡಸರ ಕೈಗೆ ಸಿಕ್ಕಿದ್ದು ಕಲ್ಲೋ ಬಡಿಗೆಯೋ, ಅವರ ತಪ್ಪೇನೂ ಇರುವುದಿಲ್ಲ. ಇದನ್ನೆಲ್ಲ ಸಹನಾಳಿಗೆ ಹೇಳಿದೆ.

"ಹಾಗಾದ್ರೆ ಆ ಮಾತಿಗೇ ಅದು ಹೆದರಬೇಕು ಸಾರ್" ಎಂದಳು. "ಕಲಿಸಿದವರೇ ಬಿಡಿಸಬೇಕು."

ಉಪಾಯ ಅವಳದೇ. ಊಟವನ್ನು ಬೇರೆಯವರು ಬೇರೆ ಹೊತ್ತಿಗೆ ಸದ್ದಿಲ್ಲದೆ ಇಟ್ಟು ಹೋಗಬೇಕು. ನಾನು ಪರದೆಯ ಹಿಂದೆ ನಿಂತು ಅದೇ ಮಾತಿನಿಂದ ಕರೆಯಬೇಕು. ತೋಳ ಹತ್ತಿರ ಬಂದ ಕೂಡಲೇ ತಗಡಿನ ಡಬ್ಬ ಬಡಿಯಬೇಕು, ಇನ್ನೊಬ್ಬರು ಪೈಪಿನಿಂದ ನೀರು ಹಾರಿಸಬೇಕು. ನಾನು ಮನೆಯಿಂದ ಎಣ್ಣೆಯ ಖಾಲಿ ಡಬ್ಬ ತಂದೆ. ಮೊದಲ ದಿನ, ಹೇಗೂ ಹೆದರಿಸುವುದೇ ತಾನೆ ಎಂದು ಗದರಿಸುವ ದನಿಯಲ್ಲಿ ಕರೆದೆ. ಸಹನಾ ಕೈ ಎತ್ತಿ ನಿಲ್ಲಿಸಿದಳು.

"ಪ್ರೀತಿಯಿಂದಲೇ ಕರೀಬೇಕು ಸಾರ್. ಇಲ್ಲಾಂದ್ರೆ ಅದು ಕೋಪಕ್ಕೆ ಮಾತ್ರ ಹೆದರುತ್ತೆ."

ಹಾಗಾಗಿ ಪ್ರೀತಿಯಿಂದ ಕರೆದೆ. ಬಾಲ ಅಲ್ಲಾಡಿಸುತ್ತಾ ಬಂತು. ಡಬ್ಬ ಬಡಿಯಲು ಕೈ ಏಳಲಿಲ್ಲ, ಡಬ್ಬವೇ ಜಾರಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ನಾನು ಅಯ್ಯೋ ಎಂದು ಕುಣಿದೆ, ನೀರಿನ ಪೈಪ್ ಹಿಡಿದಿದ್ದವನು ಗಾಬರಿಯಾಗಿ ನನ್ನ ಮೇಲೇ ಹಾರಿಸಿದ. ತೋಳ ಸ್ವಲ್ಪ ದೂರ ಕೂತು ಕುತೂಹಲದಿಂದ ನೋಡಿತು. ಆ ದಿನ ಕಲಿತವರು ಯಾರಾದರೂ ಇದ್ದರೆ ಅದು ನಾನೇ.

ಮರುದಿನದಿಂದ ಕೈ ಎದ್ದಿತು. ಕರೆಯುವುದು, ಬಡಿಯುವುದು. ಅದು ಬೆಚ್ಚಿ ಓಡುತ್ತಿತ್ತು, ಮತ್ತೆ ದೂರದಿಂದ ಪರದೆಯ ಕಡೆ ನೋಡುತ್ತಿತ್ತು, ಮರುದಿನ ಕರೆದರೆ ಮತ್ತೆ ಬರುತ್ತಿತ್ತು. ಆ ನಂಬಿಕೆಯನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಮನೆಯಲ್ಲಿ ಮೊಮ್ಮಗಳನ್ನು ಕರೆಯಲು ಬಾಯಿ ತೆರೆದರೆ ಕೈ ತಾನಾಗಿ ಡಬ್ಬ ಹುಡುಕುತ್ತಿತ್ತು. ಕೊನೆಗೆ ಅವಳನ್ನು ಮರಾಠಿಯಲ್ಲಿ ಕರೆಯತೊಡಗಿದೆ. ಹೆಂಡತಿ ಇದನ್ನು ಗಮನಿಸಿದಳು.

"ಮೊಮ್ಮಗಳನ್ನ ಮರಾಠಿಯೊಳಗ ಕರಿಲಿಕ್ಕೆ ಹತ್ತೀರಲ್ಲ, ಏನಾಗೇದ ನಿಮಗ?"

ಹೇಳಿದೆ. ಈ ಸಲ ಅವಳು ಬಕೆಟ್ಟಿನ ಮಾತು ಎತ್ತಲಿಲ್ಲ.

ನಿಧಾನವಾಗಿ ಅದು ಹತ್ತಿರ ಬರುವುದನ್ನು ಬಿಟ್ಟಿತು. ಮೊದಲು ಅರ್ಧ ದಾರಿಗೆ ನಿಂತಿತು, ಆಮೇಲೆ ಪೊದೆಯಿಂದ ತಲೆ ಮಾತ್ರ ಎತ್ತಿತು, ಆಮೇಲೆ ಕರೆ ಕೇಳಿದ ಕೂಡಲೇ ಪೊದೆಯ ಆಚೆಗೆ ಹೋಯಿತು. ಆದರೆ ಅದು ನನ್ನೊಬ್ಬನ ದನಿಗೆ ಹೆದರಿದೆಯೋ, ಮಾತಿಗೇ ಹೆದರಿದೆಯೋ ಎಂದು ಹೇಳುವವರಿರಲಿಲ್ಲ. ಗೋಡೆ ಮುಗಿದು ಆ ಕೂಲಿಗಳು ಬೇರೆ ಕಡೆ ಹೋಗಿದ್ದರು. ಸಹನಾ ತಾನೇ ಕರೆದು ನೋಡಿದಳು, ಮೈಸೂರಿನ ಬಾಯಿಗೆ ಆ ರಾಗ ಹತ್ತಲಿಲ್ಲ, ತೋಳ ಆಕಳಿಸಿತು. ಮಳೆಮೋಡ ಕಟ್ಟತೊಡಗಿತ್ತು. ಅನುಮಾನವನ್ನು ಹಾಗೆಯೇ ಇಟ್ಟುಕೊಂಡು ಹೊರಟೆವು.

ಕುರಕುಂಭದಾಚೆಯ ಬಯಲಿಗೆ ತಲುಪಿದಾಗ ಸಂಜೆಯಾಗಿತ್ತು. ಗುಂಪಿನ ಹೆಜ್ಜೆ ಕಂಡ ಜಾಗದಲ್ಲಿ ಪೆಟ್ಟಿಗೆ ಇಳಿಸಿದೆವು. ಬಾಗಿಲು ಎಳೆದ ಮೇಲೆ ತೋಳ ಹೊರಗೆ ಬಂದು, ನೆಲ ಮೂಸಿ, ಗಾಳಿ ಮೂಸಿ, ಹುಲ್ಲಿನಲ್ಲಿ ನಿಧಾನಕ್ಕೆ ನಡೆಯಿತು. ಕೊನೆಯ ಸಲ ನಾನು ಕರೆದು ಡಬ್ಬ ಬಡಿಯಬೇಕೆಂದು ಮಾತಾಗಿತ್ತು. ಡಬ್ಬ ಎತ್ತಿ ಹಿಡಿದೆ. ಅಷ್ಟರಲ್ಲಿ ದಿಬ್ಬದಾಚೆಯಿಂದ ಒಂದು ಹೆಣ್ಣುದನಿ ಬಂತು. ಅಲ್ಲಿ ತಗಡಿನ ಶೆಡ್ಡುಗಳೆದ್ದಿರುವುದು ನಮಗೆ ಗೊತ್ತೇ ಇರಲಿಲ್ಲ, ಹಿಂದಿನ ಸಲ ಬಂದಾಗ ಇರಲಿಲ್ಲ.

"ಬಾರವ್ವಾ, ಕತ್ತಲಾತು, ಉಣ್ಣಾಕ ಬಾ."

ತೋಳ ನಿಂತುಬಿಟ್ಟಿತು. ಎರಡೂ ಕಿವಿ ದಿಬ್ಬದ ಕಡೆ ತಿರುಗಿದವು. ಸಹನಾ ನನ್ನ ರಟ್ಟೆ ಹಿಡಿದುಕೊಂಡಳು. ಡಬ್ಬ ಬಡಿಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಆ ಹೆಂಗಸು ಇನ್ನೊಮ್ಮೆ ಕರೆದಳು, ನಮ್ಮವ್ವ ಕರೆಯುತ್ತಿದ್ದ ಹಾಗೆಯೇ, ಕೊನೆಯ ಅಕ್ಷರವನ್ನು ಎಳೆದು. ತೋಳ ಬಾಲವನ್ನು ಕಾಲ ಸಂದಿಗೆ ಸೇರಿಸಿ, ದಿಬ್ಬಕ್ಕೆ ಬೆನ್ನು ತಿರುಗಿಸಿ, ಹುಲ್ಲು ಸೀಳಿಕೊಂಡು ಓಡಿತು. ಹಿಂದೆ ತಿರುಗಿ ನೋಡಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರವೂ ಓಡುತ್ತಲೇ ಇತ್ತು.

ಪ್ರಾಣಿಗಳು ನಾನು ಕರೆದರೆ ಬರುತ್ತವೆ ಎಂದು ಜೀವಮಾನವಿಡೀ ಹೇಳಿಕೊಂಡು ತಿರುಗಿದವನು ನಾನು. ಒಂದು ಪ್ರಾಣಿ ಓಡಿಹೋದದ್ದಕ್ಕೆ ಅಷ್ಟು ಸಂತೋಷ, ಅಷ್ಟು ದುಃಖ ಒಟ್ಟಿಗೇ ಆದದ್ದು ಅದೊಂದೇ ಸಲ. ಸಹನಾ ನನ್ನ ಕೈಯಿಂದ ಡಬ್ಬ ಬಿಡಿಸಿಕೊಂಡಳು.

"ಇನ್ನು ಇದು ಬೇಡ ಸಾರ್" ಎಂದಳು.

ಜೀಪಿನ ಕಡೆ ಹೊರಟಾಗ ಆ ಹೆಂಗಸು ದಿಬ್ಬದ ಮೇಲೆ ಕಾಣಿಸಿಕೊಂಡಳು, ಕಂಕುಳಲ್ಲಿ ಮಗಳು. ನಾವು ಯಾರು, ಯಾಕೆ ನಿಂತಿದ್ದೇವೆ ಎಂದು ಕೇಳಿದಳು. ನಾನು ಉತ್ತರ ಕೊಟ್ಟ ರೀತಿಯಲ್ಲೇ ಅವಳಿಗೆ ನಮ್ಮೂರು ತಿಳಿದುಹೋಯಿತು.

"ನಮ್ಮ ಕಡಿಯವ್ರ ಇದ್ದೀರಲ್ರಿ ಅಣ್ಣಾರ. ಬರ್ರಿ, ಬಿಸಿ ರೊಟ್ಟಿ ಅದಾವ, ಉಂಡು ಹೋಗ್ರಿ."

ಹೋಗಲು ತಡವಾಗುತ್ತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನಾನು ಆ ದನಿಯ ಹಿಂದೆ ನಡೆದುಬಿಟ್ಟೆ. ಒಲೆಯ ಮುಂದೆ ಕೂತು ಎರಡು ರೊಟ್ಟಿ, ಶೇಂಗಾ ಚಟ್ನಿ ತಿಂದೆ. ನಾನು ಬಂದದ್ದು ಪ್ರೀತಿಗೋ ರೊಟ್ಟಿಗೋ ಎಂದು ಆ ತಾಯಿ ಕೇಳಲಿಲ್ಲ, ಮೂರನೆಯದನ್ನು ಹಾಕಿದಳು.